ಮೊಮ್ಮಗಳ ಕಣ್ಣಿನ ಕಂದು ಬಳೆ

ನಮ್ಮ ಹುಡುಗಿಯ ಕಾಯಿಲೆಗೆ ಹೆಸರು ಸಿಕ್ತು, ಮದ್ದೂ ಸಿಕ್ತು! ಮೊಮ್ಮಗಳಿಗೆ ಹಿಡಿದದ್ದು ಹುಚ್ಚಲ್ಲ. ಇವತ್ತು ಮೈಸೂರಿಂದ ಬಂದು ಶನಿವಾರಸಂತೆಯಲ್ಲಿ ಬಸ್ಸಿಳಿದವಳೇ ಹೂವಿನವಳಿಗೆ ಹೇಳಿದೆ, ಆಟೋದವನಿಗೆ ಹೇಳಿದೆ. ಸಾಲದೆ ಈಗ ಬರೀತಾ ಕೂತಿದ್ದೀನಿ. ನಾನು ಓದಿದ್ದು ನಾಲ್ಕನೇ ಕ್ಲಾಸು, ತಪ್ಪಿದ್ದರೆ ತಿದ್ದಿಕೊಳ್ಳಿ.

ಹೋದ ಸಲ ಕಾಫಿ ಕೊಯ್ಲಿನ ಹೊತ್ತಿಗೆ, ಕಾಲೇಜಿಗೆ ಹೋಗ್ತಿದ್ದ ಹುಡುಗಿ ಸುಮ್ಮಸುಮ್ಮನೆ ಅಳೋಕೆ, ನಗೋಕೆ ಶುರುಮಾಡಿದಳು. ಅವರಮ್ಮ ಊಟಕ್ಕೆ ವಿಷ ಹಾಕಿದ್ದಾಳೆ ಅಂತ ಕೂಗಾಡಿದಳು. ಕಾಲೇಜು ನಿಂತಿತು. ಊರವರು ಗಾಳಿ ಸೋಕಿದೆ ಅಂದರು, ತಾಯಿತ ಕಟ್ಟಿಸಿದೆವು. ಮನಸ್ಸಿನ ಡಾಕ್ಟರು ಮಾತ್ರೆ ಕೊಟ್ಟರು. ಅದನ್ನ ನುಂಗಿದ ಮೇಲೆ ಮೈ ಮರದ ಹಾಗೆ ಸೆಟೆದುಕೊಳ್ತು, ಬಾಯಲ್ಲಿ ಜೊಲ್ಲು ಸುರೀತು. ನಾನಂತೂ ತಲೆಗೆ ತಂಪಾಗಲಿ ಅಂತ ತಾಮ್ರದ ಚೊಂಬಿನಲ್ಲಿಟ್ಟ ನೀರನ್ನ ದಿನಾ ಬೆಳಿಗ್ಗೆ ಗದರಿಸಿ ಕುಡಿಸ್ತಿದ್ದೆ.

ಆ ಡಾಕ್ಟರಿಗೇ ಅನುಮಾನ ಬಂದು ಮೈಸೂರಿನ ನರದ ಡಾಕ್ಟರ ಹತ್ತಿರ ಕಳಿಸಿದರು. ಆಯಮ್ಮ ಕೈ ಚಾಚಿಸಿ ನಡುಕ ನೋಡಿದರು, ಯಂತ್ರದ ಮೇಲೆ ಗಲ್ಲ ಇಡಿಸಿ ಕಣ್ಣು ನೋಡಿದರು. ನನಗೂ ತೋರಿಸಿದರು. ಕರಿಗುಡ್ಡೆಯ ಅಂಚಿಗೆ ಕಂದು ಬಳೆ ತೊಡಿಸಿದ ಹಾಗಿತ್ತು! ರಕ್ತ, ಮೂತ್ರ ಪರೀಕ್ಷೆಗೆ ಹೋಯ್ತು. ಇವತ್ತು ರಿಪೋರ್ಟ್ ನೋಡಿ ಅಂದರು:

“ಅಜ್ಜಿ, ಇದು ವಿಲ್ಸನ್ ಕಾಯಿಲೆ ಅಂತ, ಅಪರೂಪದ್ದು. ಊಟದಲ್ಲಿರೋ ತಾಮ್ರವನ್ನ ಇವಳ ಲಿವರ್ ಹೊರಗೆ ಹಾಕಲ್ಲ. ಅದು ಮಿದುಳಿಗೆ ಸೇರಿ ಹೀಗೆಲ್ಲ ಆಡಿಸಿದೆ.”

“ಅಯ್ಯೋ ತಾಯಿ, ನನ್ನ ಚೊಂಬಿಂದ ಬಂತಾ?”

“ಇಲ್ಲಜ್ಜಿ, ಹುಟ್ಟಿನಿಂದಲೇ ಬಂದದ್ದು. ಆದರೂ ಚೊಂಬನ್ನ ಅಟ್ಟಕ್ಕೆ ಹಾಕಿ. ತಾಮ್ರ ಹೊರಗೆ ಹಾಕೋ ಮಾತ್ರೆ ಬರ್ಕೊಡ್ತೀನಿ, ಜೀವನಪೂರ್ತಿ ಬಿಡಬಾರದು. ನಿಧಾನಕ್ಕೆ ಚೇತರಿಸಿಕೊಳ್ತಾಳೆ.”

“ಕಾಲೇಜು?” ಮೊಮ್ಮಗಳೇ ಕೇಳಿದಳು, ತೊದಲುತ್ತಾ.

“ಸ್ವಲ್ಪ ಸುಧಾರಿಸ್ಕೋ, ಆಮೇಲೆ ಹೋಗು. ಯಾರು ಬೇಡ ಅಂದವರು?”

ಜೊತೆಗೆ ಬಂದಿದ್ದ ನನ್ನ ಮಗ, ಹುಡುಗಿಯ ಅಪ್ಪ, ಕಿಟಕಿ ಕಡೆ ತಿರುಗಿ ನಿಂತ. ಗಂಡಸು, ಅಳೋದು ಕಾಣಬಾರದಲ್ಲ! ನಾನು ಎಲ್ಲರೆದುರಿಗೇ ಅತ್ತೆ.

ಬಸ್ಸಿನಲ್ಲಿ ಹುಡುಗಿ ನನ್ನ ಭುಜಕ್ಕೊರಗಿ, “ನನ್ನನ್ನ ಚಿನ್ನ, ಚಿನ್ನ ಅಂತಿದ್ದೆಯಲ್ಲಜ್ಜಿ. ಪರೀಕ್ಷೆ ಮಾಡಿಸಿದರೆ ಬರೀ ತಾಮ್ರ!” ಅಂದಳು. ಎಷ್ಟು ತಿಂಗಳಾಗಿತ್ತೋ ಅವಳು ನನ್ನನ್ನ ಹೀಗೆ ಕಿಚಾಯಿಸಿ! ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ಜೋರಾಗಿ ನಕ್ಕೆ.

ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಸೊಸೆ ಬಿಸಿ ಅಕ್ಕಿರೊಟ್ಟಿ, ಕುಂಬಳಕಾಯಿ ಪಲ್ಯ ಬಡಿಸಿದಳು. ಮೊಮ್ಮಗಳ ಕೈ ನಡುಗಿ ಪಲ್ಯ ನೆಲಕ್ಕೆ ಬಿತ್ತು. ಮಗ ರೊಟ್ಟಿ ಮುರಿದು ಅವಳ ಬಾಯಿಗೆ ಹಿಡಿದ.

“ಬಿಡಪ್ಪಾ, ನಾನೇ ತಿಂತೀನಿ. ನೀನು ತಿನ್ನು, ಆರುತ್ತೆ.”

ಆ ತುತ್ತನ್ನ ಅವನು ತನ್ನ ಬಾಯಿಗೇ ಹಾಕ್ಕೊಂಡ. ವಿಷದ ಕೂಗಾಟ ಆದಾಗಿಂದ ದೂರವೇ ಕೂರ್ತಿದ್ದ ಸೊಸೆಯೂ ತಟ್ಟೆ ತಂದು ಮಗಳ ಪಕ್ಕ ಕೂತಳು.