ಅರ್ಧ ಇಂಚಿನ ಅತ್ತಿಗೆ

ನಮ್ಮ ಅತ್ತಿಗೆಯ ಜೊತೆ ಊರು ನೋಡಲು ಹೋದರೆ ಊರು ಕಾಣಿಸುತ್ತಿರಲಿಲ್ಲ, ಊರಿನವರ ಪ್ಯಾಂಟುಗಳು ಕಾಣಿಸುತ್ತಿದ್ದವು. ನಾನು ತೋಟದಲ್ಲಿ ಹೂವು ತೋರಿಸಿದರೆ ಅವಳು ಮೊಣಕೈಯಲ್ಲಿ ತಿವಿದು, "ಅಲ್ಲಿ ಟೋಪಿ ಹಾಕ್ಕೊಂಡಿರೋನ್ನ ನೋಡೇ, ಎಡಗಾಲು ಅರ್ಧ ಇಂಚು ಉದ್ದ. ಯಾವ ಪುಣ್ಯಾತ್ಮ ಹೊಲಿದನೋ!" ಅನ್ನುತ್ತಿದ್ದಳು. ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ದಿನವಿಡೀ ಪ್ಯಾಂಟಿನ ಅಂಚು ಮಡಿಚಿ ಹೊಲಿಯುವುದು ಅವಳ ಕೆಲಸ. ಅಂಗಡಿಯವರು ಅವಳಿಗೆ ಇಟ್ಟ ಹೆಸರೇ 'ಅರ್ಧ ಇಂಚು'.

ಆ ಕೆಲಸ ಹುಡುಕಿಕೊಟ್ಟವಳು ನಾನು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಸಿಕ್ಕಿ ಈ ಹೊಸ ಊರಿಗೆ ಹೊರಟಾಗ ಅವಳನ್ನೂ ಹಟ ಮಾಡಿ ಎಳೆದುಕೊಂಡು ಬಂದೆ. ಅಣ್ಣ ತೀರಿಹೋಗಿ ಮೂರು ವರ್ಷವಾಗಿತ್ತು. ನನಗೆ ಅವಳು, ಅವಳಿಗೆ ನಾನು, ಇನ್ಯಾರಿದ್ದಾರೆ? ಆದರೆ ಅವಳು ಷರತ್ತು ಹಾಕಿಯೇ ರೈಲು ಹತ್ತಿದ್ದಳು. "ಎರಡು ತಿಂಗಳು ನೋಡ್ತೀನಿ. ಮನಸ್ಸು ಹತ್ತಲಿಲ್ಲ ಅಂದ್ರೆ ವಾಪಸ್ ಹೋಗ್ತೀನಿ. ಆಗ ಕಣ್ಣಲ್ಲಿ ನೀರು ಹಾಕ್ಕೊಂಡು ದಾರಿಗೆ ಅಡ್ಡ ನಿಲ್ಲಬಾರದು."

ಭಾನುವಾರದ ತಿರುಗಾಟ ಶುರುವಾದದ್ದು ಅದಕ್ಕೇ. ಊರು ತೋರಿಸಿ ಅವಳನ್ನು ಇಲ್ಲೇ ಕಟ್ಟಿಹಾಕುವ ಸಂಚು ನನ್ನದು. ಗಾಜಿನ ಮನೆಯ ತೋಟ, ಹಳೇ ರೈಲು ಸೇತುವೆ, ಮುನ್ನೂರು ಮೆಟ್ಟಿಲಿನ ಗುಡ್ಡ. ಬಿಸಿಲಿರಲಿ ಮೋಡವಿರಲಿ, ಅಣ್ಣನ ಉದ್ದನೆಯ ಕೊಡೆ ಅವಳ ಬಗಲಲ್ಲಿ ಇರಲೇಬೇಕು. ಗುಡ್ಡದ ಅರ್ಧ ದಾರಿಯಲ್ಲೇ ಅದನ್ನು ಊರಿಕೊಂಡು ಕೂತುಬಿಟ್ಟು, "ಮೇಲೆ ಹೋದ್ರೂ ಇದೇ ಗಾಳಿ ತಾನೆ?" ಅಂದಳು. ಅಲ್ಲೇ ಮರದಡಿ ಬ್ರೆಡ್ಡು ತಿಂದು ಇಬ್ಬರೂ ನಿದ್ದೆ ಹೊಡೆದೆವು. ನನಗಂತೂ ಅಂಥ ನಿದ್ದೆ ಬಂದು ವರ್ಷಗಳಾಗಿದ್ದವು. ಎದ್ದ ಮೇಲೆ "ಹೇಗಿದೆ ಊರು?" ಎಂದು ಕೇಳಿದೆ. "ಇದೆ," ಅಂದಳು. ಅಷ್ಟೇ!

ನನ್ನ ಹೊಟ್ಟೆ ಉರಿಸುತ್ತಿದ್ದದ್ದು ಇನ್ನೊಂದು. ಮನೆ ಬಿಡುವಾಗ ಯಾರೇ ಆದರೂ 'ಬರ್ತೀನಿ' ಅನ್ನುತ್ತಾರೆ. ಎದುರಿನ ಅಂಗಡಿಯಿಂದ ಹಾಲು ತರಲು ಹೋಗುವವರೂ ಅನ್ನುತ್ತಾರೆ. ಈ ಮಹಾತಾಯಿ ಮಾತ್ರ ದಿನಾ ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಂಡು "ಹೋಗ್ತೀನಿ" ಅನ್ನುತ್ತಿದ್ದಳು. ಪ್ರತಿ ಸಲವೂ ನಾನು ಬಾಗಿಲಿಗೆ ಓಡಿ ಅವಳ ಕೈಯಲ್ಲಿ ಟ್ರಂಕಿಲ್ಲ ಎಂದು ನೋಡಿಕೊಳ್ಳುತ್ತಿದ್ದೆ.

ಎರಡು ತಿಂಗಳು ಮುಗಿಯುವ ಭಾನುವಾರ ಊರಾಚೆಯ ದೊಡ್ಡ ಕೆರೆಗೆ ಹೋದೆವು. ಹಿಂದಿನ ದಿನವೇ ಅವಳ ಟ್ರಂಕು ಮಂಚದ ಕೆಳಗಿನಿಂದ ಹೊರಗೆ ಬಂದಿತ್ತು. ದೋಣಿಯಲ್ಲಿ ಒಂದು ಸುತ್ತು ಹೊಡೆದೆವು, ಕಡಲೆಕಾಯಿ ತಿಂದೆವು, ಹನ್ನೊಂದು ಪ್ಯಾಂಟುಗಳ ತಪ್ಪು ಹಿಡಿದೆವು. ಸಂಜೆ ಕಲ್ಲುಬೆಂಚಿನ ಮೇಲೆ ಕೂತಾಗ ನನಗೆ ತಡೆಯಲಾಗಲಿಲ್ಲ.

"ನಾಳೆ ಹೋಗೋಳು ಹೋಗು. ಆದ್ರೆ ಒಂದು ಹೇಳು, ಇಷ್ಟು ದಿನದಲ್ಲಿ ಒಂದೇ ಒಂದ್ಸಲ 'ಬರ್ತೀನಿ' ಅಂದಿದ್ರೆ ಬಾಯಲ್ಲಿರೋ ಮುತ್ತು ಉದುರಿಹೋಗ್ತಿತ್ತಾ?"

ಅವಳು ಮಡಿಲಲ್ಲಿದ್ದ ಕಡಲೆ ಸಿಪ್ಪೆ ಕೊಡವಿದಳು. "ನಿಮ್ಮಣ್ಣ ಅವತ್ತು ನಂಗೆ ಅಂಗಿ ಗುಂಡಿ ತರೋಕೆ ಹೋದ್ರಲ್ಲ, ಬಾಗಿಲಲ್ಲಿ ಏನಂದ್ರು ಗೊತ್ತಾ? 'ಈಗ ಬಂದೆ' ಅಂದ್ರು. ಇನ್ನೂ ಹೊಸಿಲು ದಾಟಿಲ್ಲ, ಆಗ್ಲೇ ಬಂದೆ ಅಂತೆ! ನಾನು ಕಾಫಿಗೆ ನೀರಿಟ್ಟು ಕಾಯ್ತಾ ಕೂತೆ. ಅಂಗಡಿ ಮುಂದೆ ಕುಸಿದುಬಿದ್ದೋರು ಎಲ್ಲಿಂದ ಬರ್ತಾರೆ? ಬರ್ತೀನಿ ಅಂತ ಹೇಳಿ ಇನ್ನೊಬ್ಬರನ್ನ ಕಾಯಿಸೋ ಪಾಪ ನಂಗೆ ಬೇಡ ಕಣೇ."

ಅಣ್ಣ ಬಾಗಿಲಲ್ಲಿ ಆಡಿದ ಈ ಮಾತು ನನಗೆ ಗೊತ್ತೇ ಇರಲಿಲ್ಲ. ಎರಡು ತಿಂಗಳು ಅವಳ ಮೇಲೆ ಹಲ್ಲು ಕಡಿದದ್ದಕ್ಕೆ ನಾಚಿಕೆಯಾಯಿತು. ಅಷ್ಟರಲ್ಲಿ ಊರಿಗೆ ವಾಪಸು ಹೋಗುವ ಕೊನೆಯ ಬಸ್ಸು ಬಂತು. ಹತ್ತಿ ಕೂತೆವು. ಕೂತವಳು ಹಾವು ಕಂಡವರಂತೆ ಎದ್ದಳು.

"ಅಯ್ಯೋ, ಕೊಡೆ! ಬೆಂಚಿನ ಮೇಲೇ ಬಿಟ್ಟೆ!"

"ಬೇಗ ಹೊರಡ್ಬೇಕಮ್ಮ, ಕಾಯೋಕಾಗಲ್ಲ," ಅಂದ ಡ್ರೈವರು. ಅವಳು ಆಗಲೇ ಕೆಳಗಿಳಿದಿದ್ದಳು. ತಿರುಗಿ ನನ್ನತ್ತ ಕೈ ಎತ್ತಿ, "ಇರೇ, ಈಗ ಬಂದೆ!" ಎಂದು ಕೂಗಿ ಓಡಿದಳು.

ಏನಂದೆ ಎಂದು ಅವಳಿಗೇ ಗೊತ್ತಿರಲಿಲ್ಲವೇನೋ. ನಾನು ಮಾತ್ರ ಸೀಟಿನಿಂದ ಎದ್ದುಬಿಟ್ಟೆ. ಮರಗಳ ಆಚೆ ಅವಳು ಕಾಣಿಸದಾದಳು. ಡ್ರೈವರು ಹಾರನ್ ಹೊಡೆದ, ಎಂಜಿನ್ನು ಶುರು ಮಾಡಿದ. ನಾನು ಮೆಟ್ಟಿಲ ಮೇಲೆ ಅಡ್ಡ ನಿಂತು ಎರಡೂ ಕಂಬಿ ಹಿಡಿದುಕೊಂಡೆ.

"ಬರ್ತಾಳೆ ರೀ! ಬಂದೆ ಅಂದಿದ್ದಾಳೆ, ಬರ್ತಾಳೆ!" ಎಂದು ಬಸ್ಸಿನವರೆಲ್ಲ ತಿರುಗಿ ನೋಡುವ ಹಾಗೆ ಕಿರುಚಿದೆ.

ಬಂದಳು. ಕೊಡೆಯನ್ನು ಎದೆಗವಚಿಕೊಂಡು ಏದುಸಿರು ಬಿಡುತ್ತಾ ಬಂದು ನನ್ನ ಮುಖ ನೋಡಿ ಅಲ್ಲೇ ನಿಂತಳು. ಆಗ ಅವಳಿಗೂ ಹೊಳೆಯಿತು.

"ಅಳ್ತೀಯಾ ಯಾಕೆ, ಪೆದ್ದಿ? ಬಂದೆ ಅಂದೆ, ಬಂದ್ನಲ್ಲ," ಎಂದು ನನ್ನನ್ನು ಒಳಗೆ ತಳ್ಳಿಕೊಂಡು ಬಂದು ಪಕ್ಕದಲ್ಲಿ ಕೂತಳು.

ಬಸ್ಸು ಹೊರಟಿತು. ಆಮೇಲೆ ಅವಳು ಕತ್ತು ಉದ್ದ ಮಾಡಿ ಮುಂದಿನ ಸೀಟಿನ ಡ್ರೈವರನ ಕಾಲು ನೋಡಿದಳು.

"ಪಾಪ, ಬಲಗಾಲು ಅರ್ಧ ಇಂಚು ಗಿಡ್ಡ. ನಾಳೆ ಅಂಗಡಿಗೆ ಬರೋಕೆ ಹೇಳೇ. ನಾನು ಇರ್ತೀನಿ."