ಬಚ್ಚಲಲ್ಲಿ ಕೊಡುವ ಉತ್ತರ
ಕರೆಂಟ್ ಆಫೀಸಿನಲ್ಲಿ ದೂರು ಕೇಳುವ ಗುಮಾಸ್ತರು ಸಂಜೆ ಮನೆಗೆ ಬಂದರೆ ಟವೆಲು ಹೆಗಲಿಗೆ ಹಾಕಿಕೊಂಡು ನೇರ ಬಚ್ಚಲಿಗೆ. ಹಗಲೆಲ್ಲ ಕಂಡಕಂಡವರಿಂದ ಬೈಸಿಕೊಂಡು "ಆಗಲಿ ಸಾರ್, ನೋಡೋಣ ಸಾರ್" ಎಂದವರು, ಚಿಲಕ ಬಿದ್ದದ್ದೇ ತಡ, ಹುಲಿಯಾಗುತ್ತಾರೆ. ಮೊದಲ ಚೊಂಬು ಬಿಸಿನೀರು ಬೆನ್ನಿಗೆ ಬಿದ್ದರೆ "ನಿಮ್ಮನೆ ಆಳು ಅಂದ್ಕೊಂಡ್ರಾ ನನ್ನ?" ಎಂಬ ಗರ್ಜನೆ; ಸೋಪು ಉಜ್ಜುವಾಗ ಮೇಲಧಿಕಾರಿಗೆ ಮಂಗಳಾರತಿ. ನೊರೆ ಹೆಚ್ಚಿದಷ್ಟೂ ಮಾತಿಗೆ ಮೊನೆ. ಬಕೆಟ್ಟು ಖಾಲಿಯಾಗುವಷ್ಟರಲ್ಲಿ ಸಿಟ್ಟೂ ಖಾಲಿ, ಬೆಳಗಿಟ್ಟ ಪಾತ್ರೆಯ ಹಾಗೆ ಹೊಳೆಯುತ್ತಾ ಹೊರಬಂದು "ಕಾಫಿ ಕೊಡ್ತೀಯೇನೇ?" ಎನ್ನುವಾಗ ದನಿ ಬೆಣ್ಣೆ. ಮನೆಯವರ ಮೇಲೆ ಅವರು ಒಂದು ದಿನವೂ ರೇಗಿದ್ದಿಲ್ಲ. ಅದಕ್ಕೇ ಹೆಂಡತಿ ಆ ಗರ್ಜನೆ ಕೇಳುತ್ತಲೇ ನೆಮ್ಮದಿಯಾಗಿ ಒಲೆ ಹಚ್ಚುತ್ತಾಳೆ. ನಿನ್ನೆ ಮಾತ್ರ ಬಚ್ಚಲಿನಿಂದ ಮಾತೂ ಇಲ್ಲ, ನೀರಿನ ಸದ್ದೂ ಇಲ್ಲ. ಅವಳು ಒಲೆ ಹಚ್ಚುವುದನ್ನು ಬಿಟ್ಟು ಓಡಿಹೋಗಿ ಬಾಗಿಲು ಬಡಿದಳು: "ಏನ್ರೀ, ಹುಷಾರಾಗಿದೀರಾ?" ಒಳಗಿನಿಂದ ಮೆತ್ತಗೆ ಉತ್ತರ ಬಂತು: "ನಂಗೇನೂ ಆಗಿಲ್ಲ ಕಣೇ. ಇವತ್ತು ಒಬ್ಬರು ವಾಪಸ್ ಬಂದು, 'ನಿಮ್ಮಿಂದ ತುಂಬಾ ಉಪಕಾರ ಆಯ್ತು' ಅಂದ್ಬಿಟ್ರು. ಅವರಿಗೆ ಏನು ಹೇಳ್ಬೇಕಿತ್ತು ಅಂತ ಹೊಳೀತಾನೇ ಇಲ್ಲ."