ಪಟ್ಟಲಮ್ಮನ ಜಡೆ, ಅರುಂಧತಿಯ ಕೂದಲು

ಬೆಳಿಗ್ಗೆ ತಲೆ ಬಾಚಿಕೊಂಡ ಮೇಲೆ ಬಾಚಣಿಗೆಯಲ್ಲಿ ಉಳಿದ ಕೂದಲನ್ನು ಅರುಂಧತಿ ಎಂದೂ ನೆಲಕ್ಕೆ ಬಿಡುವುದಿಲ್ಲ. ಬೆರಳಿಗೆ ಸುತ್ತಿ ಸಣ್ಣ ಉಂಡೆ ಮಾಡಿ, ಥೂ ಥೂ ಎಂದು ಉಗಿದಂತೆ ಮಾಡಿ, ಹಿತ್ತಿಲ ಗೋಡೆಯ ಸಂದಿಗೆ ತುರುಕುತ್ತಾಳೆ. ಗಾಳಿಗೆ ಹಾರಿ ಇನ್ನೊಬ್ಬರ ಕೈಗೆ ಸಿಕ್ಕರೆ ಒಳ್ಳೆಯದಲ್ಲ ಎಂದು ತಾಯಿ ನಾಗಮಣಿ ಚಿಕ್ಕಂದಿನಲ್ಲಿ ಕಲಿಸಿದ್ದು. ಮೊದಲ ಟ್ರಿಪ್ಪಿಗೆ ತಡವಾದ ದಿನವೂ, ಜ್ವರದಲ್ಲಿ ಮಲಗಿದ ದಿನವೂ ಅವಳು ಇದನ್ನು ತಪ್ಪಿಸಿಲ್ಲ.

ಅರುಂಧತಿ ಸರ್ಕಾರಿ ಬಸ್ಸಿನ ಕಂಡಕ್ಟರು. ತಂದೆ ಮರಿಸಿದ್ದಯ್ಯ ತೀರಿಕೊಂಡ ಮೇಲೆ ಮಳವಳ್ಳಿಯ ಮನೆಯಲ್ಲಿ ತಾಯಿ ಮಗಳು ಇಬ್ಬರೇ. ಸೋಮವಾರ ವೈದ್ಯನಾಥಪುರದ ದೇವಸ್ಥಾನಕ್ಕೆ ನಾನು ಮದ್ದೂರಿನವರೆಗೆ ಅವಳ ಬಸ್ಸಿನಲ್ಲಿಯೇ ಹೋಗುವುದು. ಟಿಕೆಟ್ ಕೊಟ್ಟು ಮುಗಿದು ಅವಳು ಬಂದು ಕೂತಾಗ ಸ್ವಲ್ಪ ಸ್ವಲ್ಪವಾಗಿ ಹೇಳಿದ ಸಂಗತಿ ಇದು. ಕೊನೆಯ ಭಾಗವನ್ನು ನಾನೇ ಕಂಡೆ.

ಪಿಯುಸಿ ಓದುವಾಗಲೇ ನಾಗಮಣಿ ಮಗಳನ್ನು ಮಂಡ್ಯದ ಪಾರ್ಲರಿಗೆ ಕರೆದುಕೊಂಡು ಹೋಗಿ ಕೂದಲು ನೇರ ಮಾಡಿಸಿದ್ದಳು. ಮಗಳು ಪೌಡರ್ ಹಚ್ಚಿದರೂ ಮುಖ ಸಿಂಡರಿಸುತ್ತಿದ್ದ ತಾಯಿ ಇದೊಂದು ವಿಷಯದಲ್ಲಿ ಮಾತ್ರ ಬಿಡುತ್ತಿರಲಿಲ್ಲ. ನೆತ್ತಿಯ ಹತ್ತಿರ ಗುಂಗುರು ತಲೆ ಎತ್ತಿತೋ ಇಲ್ಲವೋ, "ಓಗ್ಬಾರೆ ಮಂಡ್ಯಕ್ಕೆ" ಎಂದು ಶುರು ಮಾಡುತ್ತಿದ್ದಳು. ಯಾಕವ್ವ ಎಂದರೆ, "ಗುಂಗುರು ಕೂದ್ಲೋರ್ಗೆ ಗಂಡು ಸಿಕ್ಕಲ್ಲ" ಎಂದು ಮಾತು ಮುಗಿಸುತ್ತಿದ್ದಳು. ಹೀಗೆ ವರ್ಷಗಟ್ಟಲೆ ನಡೆಯಿತು. ಅರುಂಧತಿಗೆ ತನ್ನ ಹುಟ್ಟುಕೂದಲು ಹೇಗಿತ್ತೆಂಬುದೇ ಮರೆತುಹೋಗಿತ್ತು.

ಹೋದ ವರ್ಷ ಪಾರ್ಲರಿನಲ್ಲಿ ಹಚ್ಚಿದ ಕ್ರೀಮು ನೆತ್ತಿಯನ್ನು ಸುಟ್ಟಿತು. ಬೊಬ್ಬೆ ಎದ್ದು, ಒಡೆದು, ಕೂದಲು ಹಿಡಿ ಹಿಡಿಯಾಗಿ ಕೈಗೆ ಬಂತು. ಪಾರ್ಲರಿನ ಹುಡುಗಿ ದೀಪಿಕಳೇ ಹೆದರಿ, "ಅಕ್ಕಾ, ಇನ್ನು ಇದ ಆಕುಸ್ಬ್ಯಾಡಿ. ನಿಮ್ ಕೂದ್ಲು ನಿಮ್ಗೆ ಬರ್ಲಿ ಬುಡಿ" ಎಂದಳಂತೆ. ಅರುಂಧತಿ ಬಿಟ್ಟಳು.

ಕೆಲವು ತಿಂಗಳು ಅವಳ ತಲೆಯ ಮೇಲೆ ಇಬ್ಬರ ಕೂದಲಿತ್ತು. ಕಿವಿಯವರೆಗೆ ಕರ್ರಗೆ, ಸುರುಳಿ ಸುರುಳಿಯಾಗಿ, ಜೀವ ಬಂದ ಹಾಗೆ. ಅದರ ಕೆಳಗೆ ಸತ್ತ ಹಗ್ಗದಂತೆ ಜೋತುಬಿದ್ದ ನೇರ ಕೂದಲು. ಕನ್ನಡಿ ನೋಡಿದರೆ ಒಳಗಿನಿಂದ ಯಾರೋ ಬರುತ್ತಿದ್ದಾರೆ, ಬಂದು ತನ್ನನ್ನು ಕೆಳಕ್ಕೆ ನೂಕುತ್ತಿದ್ದಾರೆ ಅನ್ನಿಸುತ್ತಿತ್ತಂತೆ. ಮೊದಮೊದಲು ನಾಚಿಕೆಯಾಗಿ ಸ್ಕಾರ್ಫ್ ಕಟ್ಟಿಕೊಂಡು ಡ್ಯೂಟಿಗೆ ಹೋದಳು. ಒಂದು ದಿನ ಅದು ಜಾರಿತು. ಡ್ರೈವರ್ ಪ್ರಸನ್ನ ಕನ್ನಡಿಯಲ್ಲಿ ನೋಡಿ ಕೂಗಿದ.

"ಏನ್ ಕಂಡಕ್ಟ್ರಮ್ಮೋ, ಮ್ಯಾಲೆ ಕುರಿಮರಿ, ಕೆಳ್ಗೆ ಕುದ್ರೆ ಬಾಲ!"

"ನಿನ್ ತಲೇಲಿ ಎರಡೂ ಇಲ್ವಲ್ಲ, ರೋಡ್ ನೋಡ್ಕಂಡು ಓಡ್ಸು."

ಬಸ್ಸಿಗೆ ಬಸ್ಸೇ ನಕ್ಕಿತು. ಪ್ರಸನ್ನನೂ ಬೋಳುತಲೆ ಸವರಿಕೊಂಡು ನಕ್ಕ. ಆಮೇಲೆ ಅರುಂಧತಿ ಸ್ಕಾರ್ಫ್ ಕಟ್ಟಲಿಲ್ಲ. ಕಾಲೇಜು ಹುಡುಗಿಯರು, "ಅಕ್ಕ, ಏನ್ ಹಾಕ್ತೀರ ತಲೆಗೆ?" ಎಂದು ಕೇಳತೊಡಗಿದರು. ತನ್ನ ತಲೆ ತನಗೆ ಒಗ್ಗುತ್ತಿದೆ ಎನ್ನಿಸುವಷ್ಟರಲ್ಲಿ ರೂಟ್ ಬದಲಾಯಿತು. ಅದುವರೆಗೆ ಮಂಡ್ಯ, ಯಲಿಯೂರು ಕಡೆ ತಿರುಗುತ್ತಿದ್ದವಳನ್ನು ಪ್ರಸನ್ನನ ಜೊತೆಗೇ ಮಳವಳ್ಳಿ ಮದ್ದೂರು ಬಸ್ಸಿಗೆ ಹಾಕಿದರು.

ಆ ದಾರಿಯಲ್ಲಿ ಶಿಂಷಾ ಹೊಳೆಯ ಕಡೆಗೆ ತಿರುಗುವ ಒಂದು ಊರಿನ ಗೇಟ್ ಸ್ಟಾಪ್ ಇದೆ. ಮೊದಲ ವಾರವೇ ಅಲ್ಲಿ ಚಲುವಮ್ಮ ಎಂಬ ಮುದುಕಿ ಹತ್ತಿದಳು. ಅರುಂಧತಿ ಆ ಕಡೆ ತಿರುಗಿ ಟಿಕೆಟ್ ಹರಿಯುತ್ತಿದ್ದಳು. ಹಿಂದಿನಿಂದ ಒಂದು ತಣ್ಣನೆಯ ಕೈ ಅವಳ ಕೂದಲ ಮೇಲೆ ಕೂತಿತು.

"ಬಂದ್ಯಾ ಪಟ್ಟಲಮ್ಮ. ತಡ ಮಾಡ್ಬುಟ್ಟೆ ಕಣವ್ವ."

ಅರುಂಧತಿ ತಿರುಗಿದಳು. ಮುದುಕಿ ಮುಖ ನೋಡಿಯೂ ಕೈ ತೆಗೆಯಲಿಲ್ಲ. "ಅಜ್ಜಿ, ನಾನು ಅರುಂಧತಿ. ಆಧಾರ್ ಕಾರ್ಡ್ ತೋರ್ಸಿ" ಎಂದರೆ, ಕಾರ್ಡು ತೋರಿಸಿ, ಫ್ರೀ ಟಿಕೆಟನ್ನು ಪ್ರಸಾದದ ಹಾಗೆ ಎರಡು ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು. ಬುದ್ಧಿ ಕೆಟ್ಟವಳ ಹಾಗೆ ಕಾಣಲಿಲ್ಲ. ಸೀಟಿನಲ್ಲಿ ಕೂತು ಪಕ್ಕದವಳೊಂದಿಗೆ ರಾಗಿ ಹಸನು ಮಾಡುವ ಮಾತಾಡಿದಳು.

ಮುಂದಿನ ವಾರಗಳಲ್ಲಿ ಆ ಗೇಟಿನಲ್ಲಿ ಹತ್ತುವ ಹೆಂಗಸರು ಹೆಚ್ಚಾದರು. ಬಸ್ಸು ಉಸಿರಾಡಲೂ ಜಾಗವಿಲ್ಲದಂತೆ ತುಂಬಿದರೂ ಅವಳನ್ನು ಯಾರೂ ನೂಕುತ್ತಿರಲಿಲ್ಲ. ಎದುರಿಗೆ ದಾರಿ ತಾನಾಗಿ ತೆರೆದುಕೊಳ್ಳುತ್ತಿತ್ತು. ಹಿಂದೆ ಮಾತ್ರ ಜನ ಒತ್ತಿ ನಿಲ್ಲುತ್ತಿದ್ದರು, ಮಾತಿಲ್ಲದೆ. ತಿರುಗಿದರೆ ಎಲ್ಲರ ಕಣ್ಣೂ ಕಿಟಕಿಯ ಕಡೆಗೆ. ಒಂದು ಸಂಜೆ ಅವಳ ಸೀಟಿನ ಮೇಲೆ ಕುಂಕುಮ ಹಚ್ಚಿದ ನಿಂಬೆಹಣ್ಣು ಇತ್ತು. ಇಟ್ಟವರು ಯಾರೆಂದು ಕೇಳಿದರೆ ಇಡೀ ಬಸ್ಸು ಸುಮ್ಮನಾಯಿತು. ಪ್ರಸನ್ನ ಕೂಡ ತಮಾಷೆ ಮಾಡಲಿಲ್ಲ.

ಅದೇ ದಿನಗಳಲ್ಲಿ ಅವಳ ಕುತ್ತಿಗೆಯ ಮೇಲೆ, ಗುಂಗುರು ಮುಗಿದು ನೇರ ಕೂದಲು ಶುರುವಾಗುವ ಜಾಗದಲ್ಲಿ ಒಂದು ಸಿಕ್ಕು ಕಾಣಿಸಿಕೊಂಡಿತು. ಬೆಳಿಗ್ಗೆ ಎಣ್ಣೆ ಹಚ್ಚಿ ಸಡಿಲ ಮಾಡಿಕೊಂಡು ಹೋಗುವಳು. ಸಂಜೆ ಬಂದು ಮುಟ್ಟಿಕೊಂಡರೆ ಇನ್ನೂ ಗಟ್ಟಿಯಾಗಿರುತ್ತಿತ್ತು. ಬಾಚಣಿಗೆಯ ಹಲ್ಲು ಮುರಿಯಿತು.

ಮನೆಯಲ್ಲಿ ನಾಗಮಣಿ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಅರುಂಧತಿ ಕೇಳಿದಳು. "ಅವ್ವ, ಪಟ್ಟಲಮ್ಮ ಅಂದ್ರೆ ಯಾರು?"

ತಾಯಿಯ ಕೈ ನಿಂತಿತು. "ಆ ಎಸ್ರು ನಿಂಗ್ಯಾರೆ ಏಳಿದ್ದು?"

ಅರುಂಧತಿ ಬಸ್ಸಿನ ವಿಷಯ ಹೇಳಿ, ತಿರುಗಿ ಕುತ್ತಿಗೆಯ ಸಿಕ್ಕು ತೋರಿಸಿದಳು. ನಾಗಮಣಿ ಮುಟ್ಟಲಿಲ್ಲ. ಮೊರವನ್ನು ಪಕ್ಕಕ್ಕೆ ಸರಿಸಿದಳು.

"ನಿಮ್ಮಪ್ಪನ ಅಕ್ಕ ಕಣೆ. ನಿಂಗೆ ಸೋದರತ್ತೆ. ಆ ಗೇಟಿನೊಳ್ಗಿನ ಊರೇ ನಮ್ಮೂರು. ಅವಳ್ಗೂ ಇಂಗೇ ಕೂದ್ಲು, ನಿಂದೇ ತಗದು ಇಟ್ಟಂಗೆ. ಜ್ವರ ಬಂದು ಬಾಳ ದಿನ ಮಲಗಿ ಎದ್ದಾಗ ಕತ್ತಿನ ತಾವ ಗಂಟಾಗಿತ್ತಂತೆ. ನಿಮ್ಮಜ್ಜಿ, ಅಮ್ಮ ಬಂದವ್ಳೆ, ಜಡೆ ಬುಟ್ಟವ್ಳೆ, ಬಾಚ್ಬ್ಯಾಡಿ ಅಂದ್ಬುಟ್ರು. ನಾನು ಆ ಮನೆ ತುಂಬ್ದಾಗ ಜಡೆ ಸೊಂಟದ ಗಂಟ ಬಂದಿತ್ತು. ಮರದ ಬೇರು ಇದ್ದಂಗೆ. ಮಂಗಳವಾರ ಸುಕ್ರವಾರ ಜನ ಬಂದು ಕೈ ಮುಗ್ಯೋರು, ಹರಕೆ ಏಳ್ಕೊಳೋರು. ಅವಳ್ಗೆ ಮದ್ವೆ ಇಲ್ಲ, ಒಂದ್ ಮನೆಗೆ ಓಗಂಗಿಲ್ಲ. ಕತ್ತು ನೋಯ್ತದೆ ಅಂತ ಗೋಡೆಗೆ ಒರಗಿ ಕೂತಿರೋಳು. ಒಂದ್ ಸಲ ಬಾಚ್ಬುಡವ್ವ ಅಂತ ನಿಮ್ಮಜ್ಜಿ ಕಾಲು ಇಡ್ಕಂಡಿದ್ಕೆ, ಕೆನ್ನೆಗೆ ಬಾರ್ಸಿದ್ರು."

"ಆಮೇಲೆ?"

"ಹೊಳೆಗೆ ತಲೆಗೆ ನೀರು ಆಕ್ಕೊಳಕೆ ಓದೋಳು ಬರ್ನಿಲ್ಲ. ನೀನಾಗ ನನ್ ಒಟ್ಟೇಲಿದ್ದೆ. ಕೆಳಗಡೆ ಮಡೂಲಿ ಎಣ ಸಿಕ್ತು. ತಲೇಲಿ ಜಡೆ ಇರ್ನಿಲ್ಲ."

"ಯಾರು ಕುಯ್ದಿದ್ದು?"

"ಯಾರ್ಗೊತ್ತು? ಅವಳೇ ಕುಯ್ಕಂಡ್ಲೋ ಏನೋ. ಉಡುಕಿದ್ರು, ಜಡೆ ಸಿಕ್ನೇ ಇಲ್ಲ. ಅದು ನಿಮ್ಮಪ್ಪನ ಮನೆತನಕ್ಕೇ ವಾಪಸ್ ಬತ್ತದೆ ಅಂತ ಊರೋರು ಕಾಯ್ತಾವ್ರೆ. ಅದ್ಕೇ ನಿಮ್ಮಪ್ಪ ಊರು ಬುಡ್ಸಿ ಇಲ್ಲಿಗೆ ಕರ್ಕಂಡು ಬಂದದ್ದು. ಅದ್ಕೇ ನಾನು ನಿನ್ನ ಪಾರ್ಲರಿಗೆ ಎಳ್ಕಂಡು ಓಯ್ತಿದ್ದದ್ದು."

ಮಾರನೆಯ ದಿನದಿಂದ ನಾಗಮಣಿ ಹಠ ಹಿಡಿದಳು. ಇನ್ನೊಂದು ಸಲ ನೇರ ಮಾಡಿಸಿಕೋ, ಅದು ಹೋಗುತ್ತದೆ ಎಂದು. ಅಳುತ್ತ ಹೇಳಿದಳು, ಊಟ ಬಿಟ್ಟು ಹೇಳಿದಳು. ಅರುಂಧತಿಯ ನೆತ್ತಿ ಇನ್ನೂ ಅಲ್ಲಲ್ಲಿ ಕೆಂಪಗಿತ್ತು. ಮತ್ತೆ ಹಚ್ಚಿದರೆ ಬುಡವೇ ಸುಟ್ಟುಹೋಗುವುದು. ಹಾಗೇ ಬಿಟ್ಟರೆ ಸಿಕ್ಕು ಬೆಳೆದು ಜಡೆಯಾಗುವುದು, ಅವಳು ಪಟ್ಟಲಮ್ಮನಾಗುವಳು. ತನ್ನ ಕೂದಲು ತನ್ನದಾಗಿ ಇರಲು ದಾರಿಯೇ ಇಲ್ಲವೇ ಎಂದು ಅವಳು ನನ್ನನ್ನು ಕೇಳಿದಳು. ದೇವರಿಗೆ ನಿನ್ನ ಕತ್ತು ನೋಯುವುದು ಬೇಕಿರಲಾರದು ಎಂದಷ್ಟೇ ಹೇಳಿದೆ.

ಶನಿವಾರ ಸಂಜೆ ಆ ಗೇಟಿನ ಊರಿನ ಹಿರಿಯ ಕೆಂಪಸಿದ್ದಯ್ಯ ನಾಲ್ಕು ಜನರೊಂದಿಗೆ ಮನೆಗೇ ಬಂದ. ಹಣ್ಣು, ಕಾಯಿ, ಹಳದಿ ಸೀರೆ ತಂದಿದ್ದ. ಮೊಮ್ಮಗಳ ವಯಸ್ಸಿನವಳ ಎದುರು ನೆಲದ ಮೇಲೆ ಕೂತ.

"ಬಾಚ್ಬ್ಯಾಡ ತಾಯಿ. ಅತ್ತೆ ಕೂರ್ತಿದ್ದ ಜಾಗ ಅಂಗೇ ಗುಡಿಸಿ ಸಾರ್ಸಿ ಮಡಗಿವ್ನಿ. ಬಂದು ಕೂತ್ಕೊ."

"ನಾನು ಡ್ಯೂಟಿಗೆ ಓಗ್ಬೇಕು ಕಣಜ್ಜ."

"ಇನ್ಯಾವ್ ಡ್ಯೂಟಿ ಬುಡವ್ವ" ಎಂದು ಅವನು ಮೆಲ್ಲಗೆ ನಕ್ಕ. ಆ ನಗುವಿನಲ್ಲಿ ಬಲವಂತ ಇರಲಿಲ್ಲ. ಎಲ್ಲ ತೀರ್ಮಾನವಾಗಿ ಹೋಗಿದೆ ಎಂಬಂತಿತ್ತು. ಅವನು ಬೈದಿದ್ದರೆ ಅರುಂಧತಿಗೆ ಇಷ್ಟು ಭಯವಾಗುತ್ತಿರಲಿಲ್ಲವಂತೆ.

ಅವರು ಹೋದ ಮೇಲೆ ಸೀರೆ ಮಂಚದ ಮೇಲೆಯೇ ಉಳಿದಿತ್ತು. ನಾಗಮಣಿ ಅದನ್ನು ತುಂಬ ಹೊತ್ತು ನೋಡಿದಳು. ಪಾರ್ಲರಿನ ಮಾತನ್ನು ಅವಳು ಮತ್ತೆ ಎತ್ತಲಿಲ್ಲ.

ಭಾನುವಾರ ಬಿಸಿಲೇರಿದ ಮೇಲೆ ಅವಳೇ ಹಿತ್ತಿಲಿನಲ್ಲಿ ಮಣೆ ಹಾಕಿದಳು. "ಬಾ ಕೂತ್ಕೊ. ಬುಡುಸ್ತೀನಿ" ಎಂದಳು. ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ತಂದಿದ್ದಳು. ಕೆಳಗಿನಿಂದ ಎಳೆ ಎಳೆಯಾಗಿ, ಬೆರಳಿನಲ್ಲೇ ಬಿಡಿಸುತ್ತ ಬಂದಳು. ಸಿಕ್ಕಿನ ಹೊಟ್ಟೆ ತೆರೆದಾಗ ಅವಳ ಬಾಯಿಂದ ಸಣ್ಣ ಕೂಗು ಬಂತು.

ಒಳಗೆ ಅರಿಶಿನದ ದಾರವಿತ್ತು. ಒಂದಲ್ಲ. ಒಂದರ ಮೇಲೊಂದು, ಗಂಟಿನ ಮೇಲೆ ಗಂಟು. ಕೆಲವು ಹೊಸವು, ಹಳದಿ ಇನ್ನೂ ಬೆರಳಿಗೆ ಅಂಟುತ್ತಿತ್ತು.

"ಅವಳ ಜಡೆಗೂ ಇಂಗೇ ಕಟ್ಟೋರು ಹರಕೆ ದಾರವ" ಎಂದಳು ನಾಗಮಣಿ.

ಸಿಕ್ಕು ದಿನದಿನವೂ ಬಿಗಿಯಾದದ್ದು ಹೇಗೆಂದು ಅರುಂಧತಿಗೆ ಆಗ ತಿಳಿಯಿತು. ಅವಳು ಟಿಕೆಟ್ ಕೊಡುತ್ತಿದ್ದಾಗ, ಆ ಇಕ್ಕಟ್ಟಿನಲ್ಲಿ, ಹಿಂದೆ ನಿಂತವರು ಕಟ್ಟುತ್ತಿದ್ದರು. ಎಷ್ಟು ಬೆರಳುಗಳು ಅವಳ ಕುತ್ತಿಗೆಯ ಮೇಲೆ ಓಡಾಡಿದ್ದವೋ, ಒಂದೂ ಅವಳಿಗೆ ಗೊತ್ತಾಗಿರಲಿಲ್ಲ.

ಎಲ್ಲಕ್ಕಿಂತ ಒಳಗೆ ಸಿಕ್ಕಿದ ಒಂದು ದಾರ ಬೇರೆಯಾಗಿತ್ತು. ಬಣ್ಣವೆಲ್ಲ ಹೋಗಿ ಬೂದಿಯಾಗಿತ್ತು. ಹೊಳೆಯ ಕೆಸರಿನ ವಾಸನೆ ಬರುತ್ತಿತ್ತು. ನಾಗಮಣಿ ಅಂಗೈ ಮೇಲೆ ಇಟ್ಟುಕೊಂಡಾಗಲೇ ಪುಡಿಯಾಗತೊಡಗಿತು.

"ಯಾವ್ದೋ ಅಜ್ಜಿ ಇಟ್ಕಂಡಿದ್ದ ಹಳೇದು ತಂದು ಕಟ್ಟಿರ್ಬೇಕು" ಎಂದಳು ಅರುಂಧತಿ.

"ಇರ್ಬೇಕು" ಎಂದಳು ತಾಯಿ. ಅಂಗೈಯನ್ನು ಸೆರಗಿಗೆ ಒರೆಸಿಕೊಳ್ಳಲಿಲ್ಲ. ಹಾಗೇ ಎತ್ತಿ ಹಿಡಿದುಕೊಂಡು ಹೋಗಿ ಬೇವಿನ ಬುಡದಲ್ಲಿ ಕೊಡವಿದಳು.

ಆಮೇಲೆ ಕತ್ತರಿ ತೆಗೆದುಕೊಂಡು, ಸತ್ತ ಹಗ್ಗದಂತಿದ್ದ ನೇರ ಕೂದಲನ್ನೆಲ್ಲ ತಾಯಿಯೇ ಕತ್ತರಿಸಿದಳು. ಸೀಗೆಪುಡಿ ಹಾಕಿ ತಿಕ್ಕಿ ನೀರು ಹೊಯ್ದಳು. ಒಣಗಿದಾಗ ಅರುಂಧತಿಯ ಕೂದಲು ಮುಖದ ಸುತ್ತ ದುಂಡಗೆ ಎದ್ದು ನಿಂತಿತು. ನಾಗಮಣಿ ನೋಡಿ, "ಅವಳೇ" ಎಂದಳು. ಒಂದು ಸುರುಳಿಯನ್ನು ಬೆರಳಲ್ಲಿ ಎಳೆದು ಬಿಟ್ಟು, "ಅಲ್ಲ. ಅವಳ್ನ ಇಂಗೆ ಬುಡುಸಿ ನೋಡ್ದೋರೇ ಇಲ್ವಲ್ಲ" ಎಂದಳು.

ಮರುದಿನ ಸೋಮವಾರ. ನಾನು ಬಸ್ಸಿನಲ್ಲಿದ್ದೆ. ಅರುಂಧತಿ ಕೂದಲು ಬಿಟ್ಟುಕೊಂಡೇ ಬಂದಿದ್ದಳು, ಹಳದಿ ಸೀರೆಯನ್ನು ಪೇಪರಿನಲ್ಲಿ ಸುತ್ತಿ ತಂದಿದ್ದಳು. ಗೇಟಿನಲ್ಲಿ ಬಸ್ಸು ನಿಂತಿತು. ಚಲುವಮ್ಮ ಮೆಟ್ಟಿಲ ಮೇಲೆ ಒಂದು ಕಾಲಿಟ್ಟವಳು ಅಲ್ಲೇ ನಿಂತಳು. ಹಿಂದಿದ್ದ ಹೆಂಗಸರೂ ನಿಂತರು.

"ಜಡೆ ಎಲ್ಲವ್ವ?"

"ಬಾಚ್ದೆ ಕಣಜ್ಜಿ. ಸಿಕ್ಕಾಗಿತ್ತು. ಇದ ಕೆಂಪಸಿದ್ದಯ್ಯಂಗೆ ಕೊಟ್ಬುಡಿ. ಬೇಗ ಅತ್ತಿ, ಟೈಮಾಯ್ತು."

ಯಾರೂ ಹತ್ತಲಿಲ್ಲ. ಬಸ್ಸು ಹೊರಟಾಗ ತಿರುಗಿ ನೋಡಿದೆ. ಅವರೆಲ್ಲ ರಸ್ತೆಯ ಅಂಚಿನಲ್ಲಿ ಸಾಲಾಗಿ ನಿಂತು, ಬೈಯದೆ, ಅಳದೆ ನಮ್ಮನ್ನೇ ನೋಡುತ್ತಿದ್ದರು. ಏನೋ ಆಗುವುದನ್ನು ಕಾಯುವವರ ಹಾಗೆ. ಪ್ರಸನ್ನ ಅಂದು ಮದ್ದೂರಿನವರೆಗೆ ಎಲ್ಲೂ ಜೋರಾಗಿ ಓಡಿಸಲಿಲ್ಲ.

ಏನೂ ಆಗಲಿಲ್ಲ. ವಾರ ಕಳೆಯಿತು, ಇನ್ನೊಂದು ಕಳೆಯಿತು. ಮೂರನೆಯ ಸೋಮವಾರ ಗೇಟಿನಲ್ಲಿ ಮೊದಲಿಗಿಂತ ಹೆಚ್ಚು ಜನ ಹತ್ತಿದರು. ಜಡೆ ಬಿಡಿಸಿದರೂ ಏನೂ ಆಗಲಿಲ್ಲವೆಂದರೆ ಅಮ್ಮನೇ ಒಪ್ಪಿ ಬಿಡಿಸಿಕೊಂಡಿದ್ದಾಳೆ, ಇವಳ ಶಕ್ತಿ ಅತ್ತೆಗಿಂತ ದೊಡ್ಡದು ಎಂದು ಊರು ಮಾತಾಡಿಕೊಂಡಿತ್ತು.

ಅಂದು ಮದ್ದೂರು ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ರವಿಚಂದ್ರ ಅವಳನ್ನು ಕಾಯುತ್ತಿದ್ದರು. ಸಾಮಾನ್ಯವಾಗಿ ಕುರ್ಚಿ ಬಿಟ್ಟು ಏಳದ ಮನುಷ್ಯ, ಬಸ್ಸಿನ ಬಾಗಿಲಿಗೇ ಬಂದು ಚಪ್ಪಲಿ ಬಿಟ್ಟು ನಿಂತರು.

"ಅರುಂಧತಮ್ಮ, ನಿಮಗೆ ಈ ನೂಕಾಟ ಯಾಕೆ? ಆಫೀಸಲ್ಲಿ ಒಂದು ಜಾಗ ಖಾಲಿ ಅದೆ. ಸಾಹೇಬ್ರ ಹತ್ರ ನಾನೇ ಮಾತಾಡ್ತೀನಿ. ಫ್ಯಾನ್ ಕೆಳಗೆ ಕೂತು ಮಾಡೋ ಕೆಲಸ."

ಆ ಜಾಗಕ್ಕೆ ಎಷ್ಟು ಜನ ಕಂಡಕ್ಟರ್ ಹೆಂಗಸರು ಕಾದಿದ್ದಾರೆಂದು ನನಗೂ ಗೊತ್ತಿತ್ತು. ದಿನವಿಡೀ ನಿಂತು ಅರುಂಧತಿಯ ಕಾಲಿನ ನರ ಊದಿಕೊಂಡಿದ್ದನ್ನು ನಾನೇ ನೋಡಿದ್ದೆ.

"ಬದ್ಲಿಗೆ ಏನು ಮಾಡ್ಬೇಕು ಸಾರ್?"

"ಅಯ್ಯೋ, ಏನೂ ಬ್ಯಾಡಿ. ನನ್ ಮಗಳ್ಗೆ ರಾತ್ರಿ ಹೊತ್ತು ಬೆಚ್ಚಿ ಬೀಳೋದು ಜಾಸ್ತಿಯಾಗದೆ. ಅವಳ ತಲೆ ಮೇಲೆ ಒಂದ್ಸಲ ಕೈ ಇಟ್ಬುಡಿ, ಅಷ್ಟೇ."

ಅವರ ಕಣ್ಣಲ್ಲಿ ನೀರಿತ್ತು. ಸುಳ್ಳು ಹೇಳುತ್ತಿರಲಿಲ್ಲ. ಅರುಂಧತಿಯ ಹಿಂದೆ ಇಳಿಯಬೇಕಾದ ಜನ ಇಳಿಯದೆ ನಿಂತಿದ್ದರು. ಅವರ ನಡುವಿನಿಂದ ಒಂದು ಕೈ, ಯಾರದೆಂದು ಕಾಣಲಿಲ್ಲ, ಅವಳ ಗುಂಗುರಿನ ಹತ್ತಿರ ನಿಧಾನವಾಗಿ ಬರುತ್ತಿತ್ತು. ಅರುಂಧತಿ ತಿರುಗದೆಯೇ ಆ ಕೈಯನ್ನು ಹಿಡಿದು, ಮೆತ್ತಗೆ ಕೆಳಕ್ಕೆ ಇಳಿಸಿ ಬಿಟ್ಟಳು.

"ಬ್ಯಾಡಿ ಸಾರ್" ಎಂದಳು. "ಪಾಪುನ ಡಾಕ್ಟರ್‌ಗೆ ತೋರ್ಸಿ. ನನ್ ಹತ್ರ ಕರ್ಕಂಡ್ ಬಂದ್ರೆ ತಲೆ ಬಾಚಿ ಎರಡು ಜಡೆ ಹಾಕ್ಕೊಡ್ತೀನಿ, ಕತೆ ಏಳ್ತೀನಿ. ಕೈ ಮಾತ್ರ ಇಡಲ್ಲ. ಆಫೀಸ್ ಕೆಲ್ಸ, ಅದ್ಕೆ ಕಾಯ್ತಿರೋರ್ಗೆ ಕೊಡಿ."